ಕವಚವಿಲ್ಲದ ಪಂದ್ಯ

ಬೇಕಂತಲೇ ಒದ್ದನೇ?

ಇಲ್ಲ... ಬೇಕಂತ ಒದ್ದವನ ಮುಖ ಹಾಗೆ ಬಿಳಿಚಿಕೊಳ್ಳುವುದಿಲ್ಲ. ಆದರೆ ಮನಸ್ಸಿನಲ್ಲಿ ಏನೂ ಇಲ್ಲದೆ ಅಷ್ಟು ಜೋರಾಗಿ ಒದೆಯಲು ಸಾಧ್ಯವೇ?

ಬಾಲಮ್ಮ ಮಗ್ಗುಲು ಬದಲಿಸಿದಳು. ಎಡ ಪಕ್ಕೆಲುಬು ಚುಳ್ ಎಂದಿತು.

ಅವಳು ಶಹಾಪುರದ ಶಾಲೆಯೊಂದರ ಹುಡುಗಿಯರಿಗೆ ಕರಾಟೆ ಕಲಿಸುತ್ತಿದ್ದಳು. ಸಾಬಣ್ಣ ಸುರಪುರದಲ್ಲಿ ಟೇಕ್ವಾಂಡೊ ಕಲಿಸುತ್ತಿದ್ದ. ಹಿಂದಿನ ವರ್ಷ ಯಾದಗಿರಿಯ ಶಿಬಿರದಲ್ಲಿ ಅವನನ್ನು ಮೊದಲು ಕಂಡದ್ದು. ಎದುರಾಳಿಯ ಒದೆತವನ್ನು ಮುಂಗೈಯಿಂದ ಕೆಳಕ್ಕೆ ತಳ್ಳಿ, ಹೆಜ್ಜೆ ಮುಂದಿಟ್ಟು ಗುದ್ದುವುದನ್ನು ಅವಳು ಮಕ್ಕಳಿಗೆ ತೋರಿಸುತ್ತಿದ್ದಳು. ಮೈದಾನದ ಆಚೆ ಅಪರಿಚಿತನೊಬ್ಬ ಅದನ್ನೇ ಮಾಡುತ್ತಿದ್ದ! ತನ್ನನ್ನು ಅಣಕಿಸುತ್ತಿದ್ದಾನೆಂದು ಅವಳು ಸಿಡುಕುತ್ತಲೇ ಅವನ ಬಳಿಗೆ ಹೋದಳು.

“ಅಣಗಸಾಕತ್ತಿಲ್ರಿ ಮೇಡಂ. ನಮ್ಮ ಮೊದಲನೇ ಪಾಠನೂ ಇದ ಐತಿ.”

ಕೊರಿಯಾದ ಹಳೆಯ ಗುರುಗಳಲ್ಲಿ ಹಲವರು ಜಪಾನಿನಲ್ಲಿ ಓದುವಾಗ ಕರಾಟೆ ಕಲಿತವರೆಂದೂ, ಊರಿಗೆ ಮರಳಿದ ಮೇಲೆ ಒದೆತಕ್ಕೆ ಒತ್ತು ಕೊಟ್ಟು ಟೇಕ್ವಾಂಡೊ ಎಂಬ ತಮ್ಮದೇ ಆಟ ಕಟ್ಟಿದರೆಂದೂ ಅವನು ವಿವರಿಸಿದ. ಆಮೇಲೆ ಎಷ್ಟೋ ಭಾನುವಾರ ಕಾಲುವೆ ದಂಡೆಯ ಮೇಲೆ ಇಬ್ಬರೂ ತಮ್ಮ ವಿದ್ಯೆಗಳನ್ನು ಹೋಲಿಸಿ ನೋಡಿದರು. ಒಂದೇ ಆಗಿರುವುದನ್ನೇ ಹುಡುಕಿದರು. ಬೇರೆ ಏನಿದೆ ಎಂದು ಇಬ್ಬರೂ ಕೇಳಲಿಲ್ಲ.

ಅವನ ತಾಯಿ ಸಾಯಬಮ್ಮ ಬಾಲಮ್ಮನ ಊರಾದ ಸಗರಕ್ಕೆ ಬಂದು ಹೆಣ್ಣು ಕೇಳಿ ಹೋದ ವಾರವೇ ಶಹಾಪುರದಲ್ಲಿ ಅವರಿಬ್ಬರ ಪ್ರದರ್ಶನ ಪಂದ್ಯವಿತ್ತು. ಅವನು ಎದೆಗವಚ ತಂದುಕೊಟ್ಟ. ಅವಳು ಬೇಡವೆಂದಳು. ಯಾಕೆಂದು ಅವನು ಕೇಳಲಿಲ್ಲ.

ಅವಳ ಮುಷ್ಟಿ ಅವನ ಗದ್ದದ ಹತ್ತಿರ ಹೋಗಿ ನಿಂತಿತು. ಗೆದ್ದೆ ಎಂದುಕೊಂಡು ಅವಳೂ ನಿಂತಳು.

ಆಗಲೇ ಅವನ ಕಾಲು ಪಕ್ಕೆಗೆ ಬಿತ್ತು.

“ಲಗ್ನಕ್ಕ ಮೊದಲ ಒದ್ದಾನ. ಆಮ್ಯಾಲ ಬಿಡ್ತಾನೇನು?” ಎಂದಳು ಬಾಲಮ್ಮನ ತಾಯಿ ಬಸ್ಸಮ್ಮ. ಪಂದ್ಯವಾದ ಮೂರನೇ ವಾರ, ಬರುವ ಭಾನುವಾರ ಈ ಸಂಬಂಧ ಆಗುವುದಿಲ್ಲವೆಂದು ಸಾಯಬಮ್ಮನಿಗೆ ಹೇಳಿ ಕಳಿಸುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು.

ಮೂರು ವಾರವಾದರೂ ಅವನಿಂದ ಒಂದು ಮಾತಿಲ್ಲ...

ಶನಿವಾರ ಮುಂಜಾನೆ ಬಾಲಮ್ಮ ಸುರಪುರದ ಬಸ್ಸು ಹತ್ತಿದಳು. ಕಾಲುವೆ ಕೆಲಸದ ಕಾಲದ ಹಳೆಯ ಗೋದಾಮಿನಲ್ಲಿ ಅವನ ತರಗತಿ ನಡೆದಿತ್ತು. ಅವಳು ಬಾಗಿಲಲ್ಲೇ ನಿಂತಳು. ಹುಡುಗಿಯೊಬ್ಬಳು ಕಾಲೆತ್ತಿ, ಎದುರಿನವಳ ಕವಚ ಮುಟ್ಟುವ ಮೊದಲೇ ನಿಲ್ಲಿಸಿದಳು. ಎದುರಿನವಳು ಮುಖ ಕೆಂಪಗೆ ಮಾಡಿ ರೇಗಿದಳು.

“ನಾ ಕೂಸು ಅಂತ ತಿಳದೀಯೇನ? ಬರೋಬ್ಬರಿ ಒದಿ. ಮುಟ್ಟದ ಒದಿಕಿಗೆ ಪಾಯಿಂಟ್ ಎಲ್ಲೈತಿ?”

ಬಾಲಮ್ಮನಿಗೆ ತಟ್ಟನೆ ಎಲ್ಲ ತಿಳಿಯಿತು. ಅವಳ ಆಟದಲ್ಲಿ ಮುಟ್ಟುವ ಮೊದಲು ನಿಲ್ಲಿಸುವುದೇ ಮರ್ಯಾದೆ. ಇಲ್ಲಿ ಅದು ಅವಮಾನ!

ಮಕ್ಕಳು ಹೋದ ಮೇಲೆ ಸಾಬಣ್ಣ ದೂರದಲ್ಲೇ ನಿಂತ. ಬಾಲಮ್ಮನೇ ಕೇಳಿದಳು.

“ನಿಮ್ಮ ಆಟದಾಗ ಮುಟ್ಟಬೇಕು. ನಮ್ಮದರಾಗ ಮುಟ್ಟಬಾರದು. ಅಷ್ಟ ಅಲ್ಲೇನ್ರಿ ಸರ?”

ಹೌದೆಂದುಬಿಡು... ಅದನ್ನೇ ಅವ್ವನಿಗೆ ಹೇಳುತ್ತೇನೆ.

ಅವನು ಹೌದೆನ್ನಲಿಲ್ಲ.

“ನಿಮ್ಮ ಮುಷ್ಟಿ ನಿಂತಾಗ, ಮಂದಿ ಮುಂದ ಇವರು ನನ್ನ ಲೆಕ್ಕಕ್ಕ ಹಿಡೀಲಿಲ್ಲ ಅಂತ ಸಿಟ್ಟು ಬಂತು. ಕವಚ ಇಲ್ಲ ಅನ್ನೋದು ಗೊತ್ತಿತ್ತು. ಆದ್ರೂ ಕಾಲು ಎತ್ತಿದೆ.”

ಅವಳಿಗೆ ನೋವಾಯಿತು. ಆದರೆ ಅವಳೇ ಒದಗಿಸಿದ ನೆಪವನ್ನು ಅವನು ಹಿಡಿಯಲಿಲ್ಲ; ಮೂರು ವಾರದಿಂದ ಕುಟುಕುತ್ತಿದ್ದ ಅನುಮಾನ ಅಡಗಿತು.

ಅವಳು ಹತ್ತಿರ ಹೋಗಿ, ಈಗ ಒದೆಯಿರಿ, ಮುಟ್ಟುವ ಮೊದಲು ನಿಲ್ಲಿಸಿರಿ ಎಂದಳು. ಅವನು ಅರ್ಧ ಎತ್ತಿದ ಕಾಲನ್ನು ಇಳಿಸಿಬಿಟ್ಟ.

“ಆಗಂಗಿಲ್ರಿ. ನನಗ ಹೆದರಿಕಿ ಆಗ್ತೈತಿ.”

“ಹೆದರಿಕಿ ಐತಲ್ಲ, ಕಲೀತೀರಿ. ನಾ ಕಲಸ್ತೀನಿ.” ಸ್ವಲ್ಪ ತಡೆದು ಅವಳೇ ಹೇಳಿದಳು. “ನಾಳಿ ಮನಿಗೆ ಬರ್ರಿ. ಈಗ ನನಗ ಹೇಳಿದ್ದನ್ನ ಅವ್ವಗೂ ಹೇಳ್ರಿ.”

“ಹೂಂ ಅಂತಾರೇನ್ರಿ?”

“ಅವ್ವಂದು ಗೊತ್ತಿಲ್ರಿ.” ಬಾಲಮ್ಮ ನೆಲ ನೋಡಿದಳು. “ನಾ ಅಂದೀನಿ.”

ಭಾನುವಾರ ಅವನು ಸಗರಕ್ಕೆ ಬಂದು, ಬಸ್ಸಮ್ಮನ ಎದುರು ನೆಲದ ಮೇಲೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದ. ತಮ್ಮ ಆಟದ ನಿಯಮವೇ ಹಾಗೆ ಎಂದು ಅವನು ಅಂದು ಹೇಳಲಿಲ್ಲ. ಮದುವೆಯಾದ ಮೇಲೂ ಎಂದೂ ಹೇಳಲಿಲ್ಲ.