ಬೇಕಂತಲೇ ಮಾಡಿದ ತಪ್ಪು

ಹೊರಗೆ ಹಾಡಹಗಲು. ಆಸ್ಪತ್ರೆಯ ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಮಾತ್ರ ಮೂಳೆಗೆ ಇಳಿಯುವ ಚಳಿ. ಒಳಗೆ, ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವಳೊಬ್ಬಳೇ.

ಪರದೆಯ ಮೇಲೆ ಮೂರನೆಯ ಸಲ ಅದೇ ಉತ್ತರ: ಪರ್ಮಿಷನ್ ಡಿನೈಡ್.

ಅದರ ಕೆಳಗೆ, ಯಾರೂ ಕೀಲಿ ಮುಟ್ಟದೆ, ಇನ್ನೊಂದು ಸಾಲು ಮೂಡಿತು.

"ಏನ್ ಮೇಡಂ, ಇವತ್ತೂ ಅದೇ ತಪ್ಪಾ?"

ಅವಳ ಕೆನ್ನೆ ಬಿಸಿಯಾಯಿತು, ಬೆರಳು ತಣ್ಣಗಾಯಿತು. ಕೆಲಸಕ್ಕೆ ಸೇರಿದಂದಿನಿಂದ ಹಳೆಯ ಸರ್ವರಿನಿಂದ ಹೀಗೆ ಬರೆದು ಕಲಿಸಿದವನು ಇವನು, ರೇಗಿಸಿದವನೂ ಇವನೇ. ಪಕ್ಕದ ಕಟ್ಟಡದಲ್ಲಿ ಕೂತವನೆಂದುಕೊಂಡು ಮನಸ್ಸು ಕೊಟ್ಟಿದ್ದಳು. ನಿನ್ನೆ ಅವನ ಹೆಸರು ಹೇಳಿದಾಗ ಮೇಲಧಿಕಾರಿ ಬಿಳಿಚಿಕೊಂಡಿದ್ದರು.

"ಅವನಾ? ಅದೇ ಕೋಣೇಲಿ, ಕುರ್ಚಿ ಮೇಲೇ ಹೋಗ್ಬಿಟ್ನಲ್ಲಮ್ಮ. ಎರಡು ವರ್ಷ ಆಯ್ತು."

ಇಂದು ಹಳೆಯ ಸರ್ವರ್ ತೆಗೆಯಬೇಕು. ಅದರ ಮೂಲಕವೇ ಹೊಸದಕ್ಕೆ ಲಾಗಿನ್ ಆಗಿ, ನೆಟ್‌ವರ್ಕ್ ಜೋಡಿಸುವ ಕರ್ನಲ್ ಸೆಟ್ಟಿಂಗನ್ನು ಸೊನ್ನೆಯಿಂದ ಒಂದಕ್ಕೆ ತರಬೇಕು. ತಡವಾದರೆ ಆಪರೇಷನ್ ಕೋಣೆಗೆ ಸ್ಕ್ಯಾನ್ ಚಿತ್ರಗಳು ಹೋಗುವುದಿಲ್ಲ. ಅದಾದೊಡನೆ ಹಳೆಯದನ್ನು ಆರಿಸಬೇಕು; ಹಳೆಯದು ಆರಿದರೋ, ಇವನೂ ಆರಿಹೋಗುತ್ತಾನೆ.

"ಸುಡೋ ಹಾಕಿದೀನಲ್ಲ," ಎಂದು ಬರೆದಳು; ಕಮಾಂಡಿನ ಮುಂದೆ ಹಾಕಿದರೆ ಅದಕ್ಕೆ ಪೂರ್ಣ ಅಧಿಕಾರ ಕೊಡುವ ಪದ ಅದು.

"ಹಾಕಿದ್ದು ಬರೀ ಅಂಕಿ ಹೇಳೋ ಎಕೋ ಕಮಾಂಡಿಗೆ. ಫೈಲಿಗೆ ಬರೆಯೋಕೆ ಹೋಗೋದು ನೀವು ಟೈಪ್ ಮಾಡ್ತಿರೋ ಶೆಲ್ಲು, ಅದಕ್ಕೆಲ್ಲಿದೆ ರೂಟ್ ಅಧಿಕಾರ? ಫೈಲಿಗೆ ಬರೆಯೋ ಟೀ ಕಮಾಂಡಿಗೆ ಸುಡೋ ಕೊಡಿ ಅಂತ ಮೊದಲ ವಾರವೇ ಹೇಳಿದ್ನಲ್ಲ."

"ಮರ್ತೋಯ್ತು."

"ಸತ್ತಿರಬಹುದು ನಾನು, ದಡ್ಡ ಅಲ್ಲ. ಬೇಕಂತಲೇ ತಪ್ಪು ಮಾಡ್ತಿದೀರ."

ಹಿಂದಿದ್ದ ಖಾಲಿ ಕುರ್ಚಿ ಕಿರ್ರೆಂದು ಅವಳತ್ತ ತಿರುಗಿತು. ಎದ್ದು ಓಡಬೇಕಿತ್ತು. ಅವಳು ಕದಲಲಿಲ್ಲ.

"ನಿಮ್ಮನ್ನ ಕಳಿಸೋಕೆ ನನ್ ಕೈಲಾಗಲ್ಲ," ಈ ಸಲ ಬಾಯಿಬಿಟ್ಟೇ ಹೇಳಿದಳು.

ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು.

"ಕೆಲಸ ಬಾಕಿ ಇದೆ ಅಂತ ಇಲ್ಲೇ ಉಳಿದೆ. ನೀವು ಬಂದ್ರಿ, ಕೆಲಸಾನೇ ಮರೆತೆ. ನಂಗೂ ನಿಮ್ಮ ಮೇಲೆ ಅಷ್ಟೇ ಪ್ರೀತಿ." ಮತ್ತೊಂದು ಸಾಲು: "ಮೇಲೆ ಯಾರೋ ಟೇಬಲ್ ಮೇಲೆ ಮಲಗಿ ಕಾಯ್ತಿದಾರೆ."

ಅವಳು ಟೀ ಸೇರಿಸಿ ಸರಿಯಾದ ಸಾಲನ್ನೇ ಬರೆದಳು. ಎಂಟರ್ ಮೇಲಿಟ್ಟ ಬೆರಳು ಮಾತ್ರ ಕೆಳಗಿಳಿಯದು. ಆಗ ಅವಳ ಕೈಮೇಲೆ ತಣ್ಣನೆಯ ಅಂಗೈಯೊಂದರ ಭಾರ ಬಂದು ಕೂತಿತು.

"ಒತ್ತು ಕಣೇ."

ಇಬ್ಬರೂ ಸೇರಿ ಒತ್ತಿದರು. ಸೊನ್ನೆ ಒಂದಾಯಿತು. ಚಿತ್ರಗಳು ಬಂದವೆಂದು ಮೇಲಿನಿಂದ ಫೋನ್ ಬಂತು.

ಹಳೆಯ ಸರ್ವರಿನ ವೈರನ್ನು ಅವಳೇ ಕಿತ್ತಳು. ಫ್ಯಾನಿನ ಸದ್ದು ಅಡಗಿತು. ಕೈಮೇಲಿನ ತಂಪು ಮಾತ್ರ, ಹೊರಡಲು ಮನಸ್ಸಾಗದಂತೆ, ಇನ್ನಷ್ಟು ಹೊತ್ತು ಹಾಗೇ ಕೂತಿತ್ತು.