ಪ್ರಶ್ನಾರ್ಥಕ ಚಿಹ್ನೆಯ ಆಚೆಗೆ

ಸೋಮವಾರ ಬೆಳಿಗ್ಗೆ 9.40ಕ್ಕೆ ಆಸ್ಪತ್ರೆಯ ಹಿರಿಯ ನರ್ಸ್ ಠಾಣೆಗೆ ಬಂದು ದೂರು ಕೊಟ್ಟರು. ಯಾರೋ ಆಸ್ಪತ್ರೆಯ ಹೆಸರಿನಲ್ಲಿ ಸುಳ್ಳು ವೆಬ್ ಪುಟ ಮಾಡಿ, ಅಪರೂಪದ ಗುಂಪಿನ ರಕ್ತ ಇರುವವರ ಹೆಸರು, ಫೋನ್ ನಂಬರು ಕಲೆಹಾಕುತ್ತಿದ್ದರು. ನಾಳೆ ನಿಜವಾದ ಕರೆ ಹೋದರೂ ಜನ ನಂಬುವುದಿಲ್ಲ ಎಂಬುದು ನರ್ಸಮ್ಮನ ಸಂಕಟ. ಎಫ್‌ಐಆರ್ ದಾಖಲಾಯಿತು.

ಲಿಂಕ್ ನೋಡಿದ ಹೆಡ್ ಕಾನ್‌ಸ್ಟೇಬಲ್, ಶುರುವಿನಲ್ಲೇ ಆಸ್ಪತ್ರೆಯ ಹೆಸರಿದೆಯಲ್ಲ ಎಂದು ತಲೆ ಕೆರೆದುಕೊಂಡರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಇನ್ಸ್‌ಪೆಕ್ಟರ್ ಮೇಡಂ ನಕ್ಕರು. ತರಬೇತಿಯಲ್ಲಿ ತೂಕಡಿಸುತ್ತಾ ಕಲಿತದ್ದು ಇವತ್ತು ಕೈ ಹಿಡಿಯಬೇಕಿತ್ತು. ಬ್ರೌಸರಿನಲ್ಲಿ ಆದೇಶ ಬರೆಯುವ ಕಿಟಕಿಯಾದ ಕನ್ಸೋಲ್ ತೆರೆದು, ವಿಳಾಸ ಬಿಡಿಸುವ ಒಂದು ಸಾಲು ಸ್ಕ್ರಿಪ್ಟ್ ಬರೆದರು. ಬೆಳ್ಳುಳ್ಳಿ ಎಸಳು ಬಿಡಿಸಿದಂತೆ ವಿಳಾಸದ ಭಾಗಗಳು ಬೇರೆಬೇರೆಯಾಗಿ ಬಂದವು. ಆಸ್ಪತ್ರೆಯ ಹೆಸರು @ ಚಿಹ್ನೆಗಿಂತ ಮೊದಲು, ಬಳಕೆದಾರನ ಹೆಸರಿನ ಜಾಗದಲ್ಲಿ ಸುಮ್ಮನೆ ಕೂತಿತ್ತು. ಬ್ರೌಸರ್ ನಿಜವಾಗಿ ಹೋಗುತ್ತಿದ್ದ ತಾಣವೇ ಬೇರೆ. ಕೊನೆಗೆ, ಪ್ರಶ್ನಾರ್ಥಕ ಚಿಹ್ನೆಯ ಆಚೆಗೆ ಬಾಲದಂತೆ ಉಳಿದದ್ದು: ವಾರ್ಡ್ ಮೂರು, ಹಾಸಿಗೆ ಹನ್ನೊಂದು.

“ಪುಟ ಮಾಡಿದವನೇ ಪರೀಕ್ಷೆ ಮಾಡ್ಕೊಳ್ಳೋಕೆ ಹಾಕಿದ್ದು ಇದು. ತೆಗೆಯೋದು ಮರೆತು ಅದನ್ನೇ ಎಲ್ಲರಿಗೂ ಕಳಿಸಿದ್ದಾನೆ,” ಎಂದರು ಮೇಡಂ.

ಆಸ್ಪತ್ರೆಗೆ ಹೋಗಿ ನೋಡಿದರೆ ಆ ಹಾಸಿಗೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಅವಳ ಅಣ್ಣ, ತೊಡೆಯ ಮೇಲೆ ಲ್ಯಾಪ್‌ಟಾಪ್.

“ಈ ಪುಟ ನೀನೇ ಮಾಡಿದ್ದಾ?”

“ಹೌದು ಮೇಡಂ.”

“ಯಾಕೆ?”

“ತಂಗಿಗೆ ರಕ್ತ ಬೇಕು ಅಂತ ನನ್ನ ಹೆಸರಲ್ಲಿ ಎಷ್ಟು ಬೇಡ್ಕೊಂಡ್ರೂ ಯಾರೂ ತಿರುಗಿ ನೋಡ್ಲಿಲ್ಲ. ಆಸ್ಪತ್ರೆ ಹೆಸರಾದ್ರೆ ನಂಬ್ತಾರೆ ಅಂತ.”

ಮೇಡಂ ಹುಡುಗಿಯ ಹೊದಿಕೆ ಸರಿಮಾಡಿದರು. ಆದರೂ ಪಂಚನಾಮೆ ಮಾಡಿ ಲ್ಯಾಪ್‌ಟಾಪ್ ವಶಕ್ಕೆ ತೆಗೆದುಕೊಂಡು, ಹುಡುಗಿಯ ಹತ್ತಿರ ಅವಳ ಚಿಕ್ಕಮ್ಮನನ್ನು ಕರೆಸಿ ಕೂರಿಸಿ, ಅವನನ್ನು ಬಂಧಿಸಿದರು.

ಪುಟದಲ್ಲಿ ಹೆಸರು ಬರೆಸಿದವರಿಗೆಲ್ಲ ಎಚ್ಚರಿಕೆ ಹೇಳಬೇಕಿತ್ತು. ನರ್ಸಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಡಂ ಫೋನ್ ಹಚ್ಚಿದರು. ಮೊದಲು ಸಿಕ್ಕವನು ಒಬ್ಬ ಬಸ್ ಡ್ರೈವರ್. ಪುಟ ಮಾಡಿದವನು ಹೀಗೆ ಯಾಕೆ ಮಾಡಿದ ಎಂದು ಡ್ರೈವರ್ ಕೇಳಿದ್ದಕ್ಕೆ ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ಪುಟ ಸುಳ್ಳು, ಸರಿ. ಮಗು ನಿಜ ತಾನೆ?”

“ನಿಜ.”

“ಹಾಗಾದ್ರೆ ಎಲ್ಲಿಗೆ ಬರ್ಲಿ ಹೇಳಿ.”

ಮೇಡಂ ಫೋನನ್ನು ನರ್ಸಮ್ಮನ ಕೈಗೆ ಕೊಟ್ಟರು.

ಸಂಜೆ ಹೆಡ್ ಕಾನ್‌ಸ್ಟೇಬಲ್ ಲಾಕಪ್ಪಿನ ಮುಂದೆ ನಿಂತರು. ಮಧ್ಯಾಹ್ನದ ತಟ್ಟೆ ಮುಟ್ಟದೆ ಹಾಗೇ ಇತ್ತು.

“ನಿನ್ನ ತಂಗಿಗೆ ರಕ್ತ ಸಿಕ್ತು ಕಣಪ್ಪ. ಊಟ ಮಾಡು.”