ದೀಪಕ್ಕೊಂದು ದಾರದ ಮುಸುಕು

ಟಣ್!

ದಾರ ಹೆಣೆಯುವ ಕ್ರೋಶಾ ಕಡ್ಡಿ ಎದುರಿನ ಗೋಡೆಗೆ ಬಡಿದು ಕಿಟಕಿಯ ಕೆಳಗೆ ಬಿತ್ತು.

ಕೋಣೆಯಲ್ಲಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಲಕ್ವ ಹೊಡೆದು ಎಡಗೈ ಸೋತಿದ್ದ ಅಜ್ಜಿಯೊಬ್ಬರು ಮಣಿ ಪೋಣಿಸುವುದನ್ನು ನಿಲ್ಲಿಸಿ, "ಅಯ್ಯೋ, ಯಾರ ಕಣ್ಣಿಗಾದ್ರೂ ಚುಚ್ಚಿದ್ರೆ ಏನಪ್ಪಾ ಗತಿ!" ಎಂದರು.

"ಕಂಬ ಹತ್ತೋ ಕೈಗೆ ಈ ಕಡ್ಡಿ ಕೊಡ್ತೀರಾ? ಕೂತ್ಕೊಂಡು ಲೇಸ್ ಹೆಣೀಲಾ ನಾನು? ತಮಾಷೆ ನೋಡ್ತಿದ್ದೀರಾ?"

ಕಡ್ಡಿ ಎಸೆದವನ ಕಣ್ಣು ಕೆಂಪಾಗಿತ್ತು. ಬಲಗೈ ಮೊಣಕೈವರೆಗೆ ಸುಟ್ಟಿತ್ತು. ತೊಡೆಯ ಚರ್ಮ ತೆಗೆದು ಅಲ್ಲಿ ಹೊಲಿದಿದ್ದರು. ಕೊನೆಯ ಎರಡು ಬೆರಳು ಒಳಕ್ಕೆ ಮುದುಡಿಕೊಂಡಿದ್ದವು.

ಹೆಣಿಗೆ ಕಲಿಸುವವಳು ಎದ್ದು ಹೋಗಿ ಕಡ್ಡಿಯನ್ನು ಎತ್ತಿಕೊಂಡಳು. ಧೂಳು ಒರೆಸಿದಳು.

"ಎಸೆಯೋಕೆ ಬಂತಲ್ಲ!" ಎಂದಳು ಮೆಲ್ಲಗೆ. "ಎಸೀಬೇಕು ಅಂದ್ರೆ ಮೊದಲು ಗಟ್ಟಿಯಾಗಿ ಹಿಡ್ಕೋಬೇಕು. ಹೋದ ವಾರ ನಿಮಗೆ ಚಮಚ ಹಿಡಿಯೋಕೂ ಆಗ್ತಿರ್ಲಿಲ್ಲ ಅಂತ ಫೈಲಲ್ಲಿದೆ."

ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ.

"ನಾಳೆ ಬರ್ತೀರಾ?"

ಅವನು ಎದ್ದು ಹೊರಟುಹೋದ. ಆದರೆ ಮಾರನೆಯ ದಿನ ಹತ್ತು ಗಂಟೆಗೆ ಸರಿಯಾಗಿ ಬಾಗಿಲಲ್ಲಿ ನಿಂತಿದ್ದ...

ಆಸ್ಪತ್ರೆಯ ಮೂರನೇ ಮಹಡಿಯ ಆ ಕೋಣೆ, ಸುಟ್ಟ, ಮುರಿದ, ಸೋತ ಕೈಗಳಿಗೆ ಮತ್ತೆ ಕೆಲಸ ಕಲಿಸುವ ಜಾಗ. ಅವಳು ಅಲ್ಲಿ ಹೆಣಿಗೆ ಕಲಿಸುತ್ತಿದ್ದಳು. ಎಲ್ಲರಿಗೂ ಅವಳು ಟೀಚರಮ್ಮ. ಅವನು ಲೈನ್‌ಮನ್. ವಿದ್ಯುತ್ ಕಂಬದ ಮೇಲೆ ಅಪಘಾತವಾಗಿದೆ ಎಂಬುದಷ್ಟೇ ಫೈಲಿನಲ್ಲಿತ್ತು. ಹೆಚ್ಚು ಕೇಳುವುದು ಅವಳ ಸ್ವಭಾವವಲ್ಲ.

ಮೊದಲ ವಾರ ಸರಪಳಿ ಹೊಲಿಗೆ. ಕುಣಿಕೆ ಹಾಕುವುದು, ದಾರ ಎಳೆಯುವುದು, ಮತ್ತೆ ಕುಣಿಕೆ. ನೋವಿಗೆ ಅವನ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಎರಡನೇ ವಾರ ಎತ್ತರದ ಹೊಲಿಗೆ.

"ಇದಕ್ಕೆ ಕಂಬ ಅಂತೀವಿ," ಎಂದಳು ಅವಳು. "ದಾರ ಒಂದು ಸಲ ಸುತ್ತಿ, ಮೂರು ಸಲ ಎಳೆದ್ರೆ ಒಂದು ಕಂಬ."

ಅವನ ಕೈ ನಿಂತುಹೋಯಿತು.

"ಬೇರೆ ಹೆಸರಿಲ್ವಾ ಇದಕ್ಕೆ?"

ಕಂಬದ ಮೇಲಿನ ಅಪಘಾತ ಅವಳಿಗೆ ಆಗ ನೆನಪಾಯಿತು. "ಇದೆ... 'ಉದ್ದನೇದು' ಅಂದ್ಕೊಳ್ಳೋಣ," ಎಂದುಬಿಟ್ಟಳು. ಅಂದಿನಿಂದ ಅವರಿಬ್ಬರ ನಡುವೆ ಅದು 'ಉದ್ದನೇದು' ಆಯಿತು. ಮಣಿ ಪೋಣಿಸುವ ಅಜ್ಜಿ ಮಾತ್ರ, "ನಿಮ್ಮಿಬ್ಬರದ್ದೇ ಒಂದು ಭಾಷೆ ಆಯ್ತಲ್ಲ!" ಎಂದು ನಕ್ಕರು. ಅವಳು ಕಿವಿಯವರೆಗೂ ಕೆಂಪಾದಳು.

ಕೋಣೆಯ ಮೂಲೆಯಲ್ಲಿ ಅವಳೇ ಹೆಣೆದ ತೂಗುದೀಪದ ಮುಸುಕೊಂದು ನೇತಾಡುತ್ತಿತ್ತು. ಹತ್ತಿ ದಾರದ್ದು, ಬುಟ್ಟಿಯ ಆಕಾರದ್ದು. ಒಂದು ದಿನ ಅವನು ಅದರ ಕೆಳಗೆ ಬಹಳ ಹೊತ್ತು ನಿಂತ. ಒಳಗಿನ ಬಲ್ಬು ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಬೆಳಕು ದಾರದ ಸಂದುಗಳಿಂದ ಸೋಸಿಬಂದು, ಗೋಡೆಯ ಮೇಲೆ ಎಲೆಗಳ ಹಾಗೆ ಬಿದ್ದಿತ್ತು.

"ನನಗೆ ಇದನ್ನ ಕಲಿಸಿ."

"ಇಪ್ಪತ್ತೆಂಟು ಸುತ್ತು ಇದೆ ಅದರಲ್ಲಿ! ಈ ಕೈಗೆ ಮೂರು ತಿಂಗಳಾದ್ರೂ ಬೇಕು."

"ಆಗ್ಲಿ."

"ಯಾರಿಗೆ?"

ಅವನು ಮುಖ ತಿರುಗಿಸಿದ. "ಮನೆಗೆ."

ಮೇಲಿನ ತಂತಿಯ ಉಂಗುರದಿಂದ ಶುರುವಾಯಿತು. ಸುತ್ತಿಗೊಮ್ಮೆ ಹೊಲಿಗೆ ಹೆಚ್ಚಿಸಿದರೆ ಬುಟ್ಟಿ ಅರಳುತ್ತದೆ, ಮರೆತರೆ ಸೊರಗುತ್ತದೆ. ಅವನು ಎಣಿಕೆ ತಪ್ಪುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಹೆಣೆಯುತ್ತಿದ್ದ. ಬೆರಳು ಮರಗಟ್ಟಿದಾಗ ಅವಳು ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಅದು ಅವಳ ಕೆಲಸ. ಎಷ್ಟೋ ಕೈಗಳಿಗೆ ಹಾಗೆ ಮಾಡಿದ್ದಾಳೆ.

ಆದರೆ ಈ ಕೈ ಬಿಟ್ಟ ಮೇಲೂ ಅಂಗೈಯಲ್ಲಿ ಬಿಸಿ ಯಾಕೆ ಉಳಿಯುತ್ತದೆ?

'ಮೂವತ್ನಾಲ್ಕು ವರ್ಷ ನಿನಗೆ... ಹುಚ್ಚಿ!' ಎಂದು ತನ್ನನ್ನೇ ಗದರಿಕೊಂಡಳು.

ಎಂಟು ವರ್ಷ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡು, ಅಮ್ಮ ಹೋದ ಮೇಲೆ ಅಣ್ಣನ ಮನೆಯ ಚಿಕ್ಕ ಕೋಣೆ ಸೇರಿದವಳು ಅವಳು. ಅತ್ತಿಗೆಗೆ ಚುರುಕು ಕಿವಿ, ಹದ್ದಿನ ಕಣ್ಣು.

"ಅಡುಗೆಗೆ ಎರಡು ಸಲ ಉಪ್ಪು ಬಿದ್ದಿದೆ. ಯಾರಮ್ಮಾ ಅವನು?"

"ಯಾರೂ ಇಲ್ಲ ಅತ್ತಿಗೆ!"

"ಯಾರೂ ಇಲ್ದೇ ಇದ್ರೆ ಒಂದೇ ಸಲ ಬೀಳ್ತಿತ್ತು," ಎಂದು ಅತ್ತಿಗೆ ತಟ್ಟೆಗೆ ನೀರು ಸುರಿದುಕೊಂಡು ಕಲಸಿದರು.

ಆ ಗುರುವಾರ ಹದಿನೇಳನೇ ಸುತ್ತು ಮುಗಿದಿತ್ತು. ಅವನು ಹೊರಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಕರೆಯಲೆಂದು ಅರೆತೆರೆದ ಬಾಗಿಲಿಗೆ ಬಂದವಳು ಅದರ ಗಾಜಿನ ಹಿಂದೆಯೇ ನಿಂತುಬಿಟ್ಟಳು.

ಪಡಸಾಲೆಯ ಬೆಂಚಿನ ಮೇಲೆ ಅವನು. ಪಕ್ಕದಲ್ಲಿ ಅವನ ವಯಸ್ಸಿನ ಒಬ್ಬ ಹೆಂಗಸು. ಅವನ ತೊಡೆಯ ಮೇಲೆ ಐದಾರು ವರ್ಷದ ಹುಡುಗಿ, ಅವನ ಸುಟ್ಟ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಿದ್ದಳು.

"ಅಳತೆ ತಂದಿದ್ದೀನಿ," ಎನ್ನುತ್ತಿದ್ದಳು ಆ ಹೆಂಗಸು. "ನಮ್ಮ ನಡುಮನೆಯ ದೀಪದ ಕೊಕ್ಕೆಯಿಂದ ಊಟದ ಮೇಜಿನವರೆಗೆ. ಬೇಗ ಮುಗಿಸು. ಕತ್ತಲಲ್ಲಿ ಎಷ್ಟು ದಿನ ಅಂತ ಕೂರೋದು?"

ನಮ್ಮ ನಡುಮನೆ... ನಮ್ಮ ಮೇಜು...

ಹೆಂಡತಿ. ಮಗಳು. 'ಮನೆಗೆ' ಅಂದರೆ ಇದು!

ಅವನು ಸುಳ್ಳು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ತಪ್ಪೆಲ್ಲ ತನ್ನದೇ... ಅದೇ ಹೆಚ್ಚು ಸುಡುತ್ತಿತ್ತು.

ಮರುದಿನ ಅವನು ಬಂದಾಗ ಅವಳು ಮುಖ ನೋಡಲಿಲ್ಲ.

"ಇವತ್ತಿನಿಂದ ನಿಮಗೆ ಬೇರೆಯವರು ಹೇಳಿಕೊಡ್ತಾರೆ."

"ಯಾಕೆ? ಏನಾಯ್ತು?"

"ನಿಮ್ಮ ವಿಷಯ ನನಗೆ ಗೊತ್ತಾಯ್ತು." ದಾರದ ಉಂಡೆಗಳನ್ನು ಬುಟ್ಟಿಗೆ ತುಂಬತೊಡಗಿದಳು. "ಮೊದಲೇ ಹೇಳಿದ್ರೆ ಚೆನ್ನಾಗಿರ್ತಿತ್ತು."

ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು.

"ಗೊತ್ತಾಯ್ತಾ..." ಎಂದ. "ಹೇಳ್ಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಧೈರ್ಯ ಬರ್ಲಿಲ್ಲ. ಗೊತ್ತಾದ್ರೆ ನೀವು ನನ್ನ ಕೈ ಮುಟ್ಟಲ್ಲ ಅನ್ನಿಸ್ತು."

"ಸರಿಯಾಗೇ ಅನ್ನಿಸಿದೆ."

ಅವನು ಅರ್ಧ ಹೆಣೆದ ಮುಸುಕನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಮೆಟ್ಟಿಲು ಇಳಿಯುವ ಸದ್ದು ನಿಂತ ಮೇಲೂ ಅವಳು ಅಲುಗಾಡಲಿಲ್ಲ.

ಅವನು ಮತ್ತೆ ಬರಲಿಲ್ಲ. ಒಂದು ವಾರ... ಮೂರು ವಾರ...

'ಒಳ್ಳೇದೇ ಆಯ್ತು,' ಎಂದುಕೊಂಡಳು. ಆದರೆ ಬಾಗಿಲು ಸದ್ದಾದಾಗಲೆಲ್ಲ ಕತ್ತು ತಾನಾಗಿಯೇ ತಿರುಗುತ್ತಿತ್ತು. ಅತ್ತಿಗೆ ಈಗ ಉಪ್ಪಿನ ಮಾತು ತೆಗೆಯುತ್ತಿರಲಿಲ್ಲ. ಸುಮ್ಮನೆ ಅವಳ ತಟ್ಟೆಗೆ ಇನ್ನೊಂದು ತುತ್ತು ಬಡಿಸುತ್ತಿದ್ದರು.

ನಾಲ್ಕನೇ ಗುರುವಾರ ಆ ಹೆಂಗಸು ಒಬ್ಬಳೇ ಬಂದಳು.

"ಟೀಚರಮ್ಮ ಅಂದ್ರೆ ನೀವೇನಾ? ಅವನು ಬರೋದು ಬಿಟ್ಟಿದ್ದಾನೆ. ಕೈ ಮತ್ತೆ ಮುದುಡ್ತಾ ಇದೆ. ನೀವೇನಾದ್ರೂ ಅಂದ್ರಾ?"

"ನಿಮ್ಮ ಗಂಡನಿಗೆ ಬೇರೆ ಟೀಚರ್ ಗೊತ್ತು ಮಾಡಿದ್ದೆ..."

ಆ ಹೆಂಗಸು ಅವಳನ್ನೇ ನೋಡಿದಳು.

"ನನ್ನ ಗಂಡ ಸತ್ತು ಏಳು ತಿಂಗಳಾಯ್ತಮ್ಮ."

ಅವಳ ಕೈಯಲ್ಲಿದ್ದ ದಾರದ ಉಂಡೆ ಜಾರಿತು.

ಆ ಹೆಂಗಸು ಬೆಂಚಿನ ಮೇಲೆ ಕುಳಿತು, ಯಾರದೋ ಕಥೆಯನ್ನು ಹೇಳುವ ಹಾಗೆ ಹೇಳಿದಳು. ಅವಳ ಗಂಡ, ಇವನು, ಇಬ್ಬರೂ ಒಂದೇ ತಂಡ. ಆ ದಿನ ಲೈನ್ ಬಂದ್ ಆಗಿದೆ ಎಂದು ವಿದ್ಯುತ್ ಕೇಂದ್ರದಿಂದ ಫೋನ್ ಬಂದಿತ್ತು. ತಂತಿಗೆ ಮುಟ್ಟಿಸಿ ಕರೆಂಟ್ ಇದೆಯೇ ಎಂದು ಪರೀಕ್ಷೆ ಮಾಡುವ ಕೋಲು ಜೀಪಿನಲ್ಲೇ ಇತ್ತು. ಹತ್ತು ಹೆಜ್ಜೆ ದೂರ. ಇವನು ತರಲಿಲ್ಲ. 'ಬಂದ್ ಆಗಿದೆ, ಹತ್ತೋ,' ಎಂದ. ಬಂದ್ ಆಗಿದ್ದು ಬೇರೆ ಲೈನು. ಮೇಲೆ ಸಿಕ್ಕಿಕೊಂಡ ಗೆಳೆಯನನ್ನು ಬರಿಗೈಯಲ್ಲಿ ಎಳೆಯಲು ಹೋಗಿ ಕೈ ಸುಟ್ಟುಕೊಂಡ. ಗೆಳೆಯ ಉಳಿಯಲಿಲ್ಲ.

"ನನ್ನ ಮಗಳು ಸ್ವಿಚ್ ಹಾಕೋಕೆ ಬಿಡಲ್ಲ. 'ಅದೇ ಅಪ್ಪನ್ನ ತಿಂದಿದ್ದು' ಅಂತ ಕಿರಿಚ್ತಾಳೆ. ಸಂಜೆಯಾದ್ರೆ ಮೇಣದಬತ್ತಿ ಹಚ್ಕೊಂಡು ಕೂರ್ತೀವಿ. ಬೆಳಕು ಹೆದರಿಸದ ಹಾಗೆ ಏನಾದ್ರೂ ಮಾಡ್ತೀನಿ ಅಂದಿದ್ದ ಅವನು."

"ನೀವು... ಅವರನ್ನ ಕ್ಷಮಿಸಿದ್ರಾ?"

"ಗೊತ್ತಿಲ್ಲಮ್ಮ. ಕೆಲವು ದಿನ ಅವನ ಮುಖ ನೋಡೋಕೇ ಆಗಲ್ಲ. ಆದ್ರೆ ಮಗಳು ಅಪ್ಪನ ಮಾತು ಆಡೋದು ಅವನ ಹತ್ರ ಮಾತ್ರ. ಅದಕ್ಕೇ ಕರ್ಕೊಂಡು ಬರ್ತೀನಿ." ಅವಳು ಎದ್ದಳು. "ಅವನ ವಿಳಾಸ ಬರೆದುಕೊಡ್ಲಾ?"

ಅವನ ಬಾಡಿಗೆ ಕೋಣೆ ಎರಡನೇ ಮಹಡಿಯ ಕೊನೆಯಲ್ಲಿತ್ತು. ಬಾಗಿಲು ತೆರೆದವನು ಅವಳನ್ನು ಕಂಡು ಹಿಂದೆ ಸರಿದ. ಗಡ್ಡ ಬೆಳೆದಿತ್ತು. ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ನೀವು ಇಲ್ಲಿ..."

"ನಾನು ನಿಮಗೆ ಮದುವೆ ಆಗಿದೆ ಅಂದ್ಕೊಂಡೆ!" ಬಾಗಿಲಲ್ಲೇ ಹೇಳಿಬಿಟ್ಟಳು. "ಆ ಮಗು ನಿಮ್ಮದು ಅಂದ್ಕೊಂಡೆ. ನನಗೆ ಗೊತ್ತಾಯ್ತು ಅಂದಿದ್ದು ಅದೇ. ಅಷ್ಟೇ!"

ಅವನು ಅರ್ಥವಾಗದವನಂತೆ ನೋಡಿದ. "ನಾನು... ನನ್ನ ತಪ್ಪಿನ ವಿಷಯ ಅಂದ್ಕೊಂಡೆ."

"ಅದು ಗೊತ್ತಾಗಿದ್ದು ಇವತ್ತು."

"ಮತ್ತೆ ಯಾಕೆ ಬಂದ್ರಿ?"

ಅವಳು ಚೀಲದಿಂದ ಅರ್ಧ ಮುಸುಕನ್ನು ತೆಗೆದಳು. "ಹನ್ನೊಂದು ಸುತ್ತು ಬಾಕಿ ಇದೆ."

"ಹತ್ತು ಹೆಜ್ಜೆ, ಟೀಚರಮ್ಮ!" ಅವನ ದನಿ ಒಡೆಯಿತು. "ಬರೀ ಹತ್ತು ಹೆಜ್ಜೆ! ನನಗೆ ಸೋಮಾರಿತನ. ಅವನಿಗೆ ನನ್ನ ಮೇಲೆ ನಂಬಿಕೆ. ಈ ಕೈ ಮುದುಡಿ ಹೋಗ್ಲಿ ಬಿಡಿ..."

ಅವನು ಗೋಡೆಗೆ ಒರಗಿ, ಹಾಗೇ ಕುಸಿದು ಕುಳಿತ. ಗಂಡಸು ಅಷ್ಟು ಜೋರಾಗಿ ಅಳುವುದನ್ನು ಅವಳು ಕಂಡಿರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಅಳು ತಾನಾಗಿ ತಗ್ಗುವವರೆಗೆ.

"ನಿಮ್ಮ ತಪ್ಪಿಲ್ಲ ಅಂತ ನಾನು ಹೇಳಲ್ಲ," ಎಂದಳು ಕೊನೆಗೆ. "ತಪ್ಪಿದೆ. ಅದು ಹೋಗಲ್ಲ. ಆದ್ರೆ ಆ ಮಗು ಕತ್ತಲಲ್ಲಿ ಊಟ ಮಾಡ್ತಿದೆ. ಕೈ ಕೊಡಿ ಇಲ್ಲಿ."

ಅವನು ಕೊಡಲಿಲ್ಲ. ಅವಳೇ ಬೆನ್ನ ಹಿಂದಿನಿಂದ ಆ ಕೈಯನ್ನು ಎಳೆದುಕೊಂಡು, ಕಿರುಬೆರಳಿನಿಂದ ಬಿಡಿಸತೊಡಗಿದಳು.

ಹನ್ನೊಂದು ಸುತ್ತಿಗೆ ಐದು ವಾರ ಹಿಡಿಯಿತು. ಮುಗಿದ ಮೇಲೆ ಗಂಜಿಯಲ್ಲಿ ಅದ್ದಿ, ಒಳಗೆ ಬಲೂನು ಊದಿ ಬುಟ್ಟಿಯಂತೆ ಒಣಗಿಸಿದರು. ಬಲೂನು ಒಡೆದಾಗ ಮುಸುಕು ತನ್ನ ಕಾಲ ಮೇಲೆ ತಾನೇ ನಿಂತಿತು. ಒಂದು ಕಡೆ ಕೊಂಚ ಸೊಟ್ಟ.

"ಬಿಚ್ಚಿ ಸರಿ ಮಾಡ್ಲಾ?"

"ಬೇಡ. ಬಿಸಿಯಾಗದ ಎಲ್‌ಇಡಿ ಬಲ್ಬೇ ಹಾಕಿ, ದಾರ ಕಂದಬಾರದು."

"ಲೈನ್‌ಮನ್ ಯಾರು, ನೀವಾ ನಾನಾ?" ಎಂದ. ಎಷ್ಟೋ ತಿಂಗಳ ನಂತರ ಅವನು ಆಡಿದ ಮೊದಲ ಹಾಸ್ಯ ಅದು. ಅವಳಿಗೆ ನಗುವುದರ ಬದಲು ಅಳು ಬಂತು.

ಭಾನುವಾರದ ಮುಸ್ಸಂಜೆ ಆ ಹುಡುಗಿಯ ಮನೆಯಲ್ಲಿ ಅವನು ಸ್ಟೂಲು ಹತ್ತಿದ. ಅವಳು ಸ್ಟೂಲನ್ನು ಹಿಡಿದಿದ್ದಳು. ಮೇನ್ ಸ್ವಿಚ್ ತೆಗೆದಿತ್ತು. ಆದರೂ ಅವನು ಟೆಸ್ಟರ್ ಇಟ್ಟು ನೋಡಿದ. ಮತ್ತೊಮ್ಮೆ ನೋಡಿದ. ಹಣೆಯ ಬೆವರು ಅವಳ ಕೈ ಮೇಲೆ ಬಿತ್ತು. ಹುಡುಗಿ ಅಮ್ಮನ ಹಿಂದೆ ಮುಖ ಮುಚ್ಚಿಕೊಂಡಿದ್ದಳು.

ಸ್ವಿಚ್ ಹಾಕುತ್ತಿದ್ದಂತೆ ಹುಡುಗಿ ಕಿರಿಚಿದಳು!

ಅವನು ಓಡಿಹೋಗಿ ಆರಿಸಲು ಕೈ ಚಾಚಿದ. ಅಷ್ಟರಲ್ಲಿ ಹುಡುಗಿಯ ಬೆರಳು ಸಡಿಲವಾಗಿ, ಸಂದಿನಿಂದ ಒಂದು ಕಣ್ಣು ಇಣುಕಿತು. ಮೇಜಿನ ಮೇಲೆ, ನೀರಿನ ಲೋಟಗಳ ಮೇಲೆ, ಅಮ್ಮನ ಮುಖದ ಮೇಲೆ ದಾರದ ನೆರಳಿನ ಸಣ್ಣ ಸಣ್ಣ ಬಳೆಗಳು ಬಿದ್ದಿದ್ದವು.

"ಇದನ್ನ ನೀನು ಮಾಡಿದ್ದಾ?"

"ಹೂಂ."

"ಈ ಕೈಯಲ್ಲಾ?"

"ಈ ಕೈಯಲ್ಲೇ, ಪುಟ್ಟಿ."

ಹುಡುಗಿ ಯೋಚಿಸಿದಳು. "ಊಟ ಮುಗಿಯೋವರೆಗೆ ಮಾತ್ರ. ಆಮೇಲೆ ಆರಿಸ್ಬೇಕು."

"ಆಗ್ಲಿ."

ಅವಳ ಅಮ್ಮ ಸೆಟೆದುಕೊಂಡು ನಿಂತಿದ್ದಳು. ಅವನತ್ತ ನೋಡಲಿಲ್ಲ. ಆದರೆ ನಾಲ್ಕು ತಟ್ಟೆ ತಂದಿಟ್ಟಳು.

ಊಟವಾಗಿ ದೀಪ ಆರಿದ ಮೇಲೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಬೀದಿಯಲ್ಲಿ ಅಂಗಡಿಗಳು ಇನ್ನೂ ತೆರೆದಿದ್ದವು.

ನಿಲ್ದಾಣದಲ್ಲಿ ಅವನು ನಿಂತ.

"ಆ ದಿನ ನಿಮಗೆ ಯಾಕೆ ಅಷ್ಟು ಕೋಪ ಬಂತು? ನನಗೆ ಮದುವೆ ಆಗಿದ್ರೆ ನಿಮಗೇನು?"

ಅವಳು ರಸ್ತೆ ನೋಡಿದಳು. "ಅಷ್ಟೂ ಗೊತ್ತಾಗಲ್ವಾ?"

"ಗೊತ್ತಾಗುತ್ತೆ... ನಿಮ್ಮ ಬಾಯಿಂದ ಕೇಳೋ ಆಸೆ."

"ನೀವು ಬೇಕಿತ್ತು ನನಗೆ. ಅದಕ್ಕೆ!" ಎಂದಳು ಕೋಪದಲ್ಲೇ. ಕಣ್ಣಿನಲ್ಲಿ ನೀರು.

ಅವನು ಅವಳ ಕಡೆ ತಿರುಗಿದ.

"ನನಗೂ ನೀವು ಬೇಕು. ಆದ್ರೆ ನನ್ನ ಜೊತೆ ಇರೋದು ಸುಲಭ ಅಲ್ಲ. ನಿದ್ದೆಯಲ್ಲಿ ಅವನನ್ನ ಕೂಗ್ತೀನಿ. ಹತ್ಬೇಡ, ಹತ್ಬೇಡ ಅಂತ... ಪಕ್ಕದ ಕೋಣೆಯವರು ಗೋಡೆ ಬಡೀತಾರೆ."

"ಗೋಡೆ ಬಡಿದ್ರೆ ಏನು ಬಂತು?" ಎಂದಳು ಅವಳು. "ಭುಜ ಹಿಡಿದು ಎಬ್ಬಿಸ್ಬೇಕು."

"ಎಬ್ಬಿಸ್ತೀಯಾ?"

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಕೇಳಿಸಿತು.

"ಎಬ್ಬಿಸ್ತೀನಿ."

"ಪ್ರತಿ ಸಲಾನಾ?"

"ಪ್ರತಿ ಸಲ," ಎಂದು ಅವಳು ಅವನ ಭುಜಕ್ಕೆ ಹಣೆ ಒರಗಿಸಿದಳು.